ಪಟ್ಟಿಯ ಮುಖ ಯಾವ ಕಡೆ

ಸರ್ ಅವರ ಎಡಗೈಯ ಹಿಂಬದಿ ಮಣಿಕಟ್ಟಿನ ತನಕ ತೊನ್ನಿನಿಂದ ಬೆಳ್ಳಗಾಗಿತ್ತು. ಅಂಗೈ ಮಾತ್ರ ನಮ್ಮ ನಿಮ್ಮದರ ಹಾಗೇ. ಏನೇ ವಿವರಿಸಬೇಕಾದರೂ ಆ ಕೈಯನ್ನು ಚಪ್ಪಟೆಯಾಗಿ ಗಾಳಿಯಲ್ಲಿ ಹಿಡಿದು, "ಇದು ಪಟ್ಟಿ ಅಂತ ತಿಳಕೋ" ಎನ್ನುವರು. ಬಲಗೈ ತೋರುಬೆರಳನ್ನು ಅದರ ಮೇಲೆ ವಾರೆಯಾಗಿ ಊರಿ, "ಇದು ಕಾಂತಕ್ಷೇತ್ರ. ಹಿಂಗ ವಾರಿ ಬಿತ್ತಂದ್ರ ಪಟ್ಟಿ ತಾಳತೈತಿ. ಹಂಗ ಬಿತ್ತಂದ್ರ ಸೋಲತೈತಿ" ಎನ್ನುವರು. ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರ ಕೈಕೆಳಗೆ ಸಂಶೋಧನೆ ಮಾಡುವಾಗ ಆ ಕೈಯನ್ನು ನಾನು ದಿನವೂ ನೋಡಿದ್ದೇನೆ.

ಪಟ್ಟಿ ಅಂದರೆ ಸೂಪರ್‌ಕಂಡಕ್ಟರ್ ಟೇಪು. ಬೆರಳಗಲ, ಕಾಗದದಷ್ಟು ತೆಳು, ಒಂದು ಬದಿಗೆ ಮಾತ್ರ ಸೂಪರ್‌ಕಂಡಕ್ಟರಿನ ಲೇಪ. ಹೆಸರಿಗೆ ಹೈ ಟೆಂಪರೇಚರ್ ಟೇಪು, ಕೆಲಸ ಮಾಡುವುದು ಮಾತ್ರ ಮೈ ಸೆಟೆದುಹೋಗುವಂಥ ತಣ್ಣಗಿನ ದ್ರವ ಸಾರಜನಕದಲ್ಲಿ ಮುಳುಗಿದಾಗ. ಆಗ ಅದರಲ್ಲಿ ವಿದ್ಯುತ್ತು ಚೂರೂ ನಷ್ಟವಿಲ್ಲದೆ ಹರಿಯುತ್ತದೆ. ಸುತ್ತಿ ಕಾಯಿಲ್ ಮಾಡಿದರೆ ಬಲವಾದ ಅಯಸ್ಕಾಂತ. ತಾಳುವುದಕ್ಕಿಂತ ಹೆಚ್ಚು ಹರಿಸಿದರೆ ಎಲ್ಲೋ ಒಂದು ಕಡೆ ಕಾದು ಸುಟ್ಟುಹೋಗುತ್ತದೆ. ಆ 'ಎಲ್ಲೋ' ಎಲ್ಲಿ ಎಂಬುದನ್ನು ಕಾಯಿಲ್ ಸುತ್ತುವ ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು ಸರ್ ಕೆಲಸ. ಒಂದೊಂದು ಲೆಕ್ಕ ಮುಗಿಯಲು ವಾರಗಟ್ಟಲೆ ಬೇಕು. ಬೇಸಿಗೆಯಲ್ಲಿ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು, ಮುಕ್ಕಾಲು ಮುಗಿದದ್ದು ಮಣ್ಣುಪಾಲಾದರೆ ನಾನು ಸಿಟ್ಟಿಗೆದ್ದು ಕುರ್ಚಿ ಒದೆಯುತ್ತಿದ್ದೆ. ಅವರು ಹಾಗಲ್ಲ. "ಏಳೋ, ಚಾ ಕುಡದು ಬರೂಣು. ಮತ್ತ ಶುರು ಮಾಡಿದ್ರಾತು" ಎಂದು ನನ್ನ ಹೆಗಲ ಮೇಲೆ ಆ ಬಿಳಿ ಕೈ ಹಾಕುವರು.

ಸ್ಟಾಫ್ ರೂಮಿನವರಿಗೆ ಇದೆಲ್ಲ ತಮಾಷೆ. ಪರದೆಯ ಮೇಲಿನ ಕೆಂಪು, ನೀಲಿ ಚಿತ್ರಗಳನ್ನು ಇಣುಕಿ ನೋಡಿ, "ಬಣ್ಣಾ ಭಾಳ ಚಂದ ಬಂದಾವ್ರಿ ಸರ್, ಚೌಕಟ್ಟ ಹಾಕಸ್ರಿ" ಎಂದು ನಗುವರು. ಸರ್ ತಾವೂ ನಗುವರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಒಂದಽ ಒಂದು ಖರೆ ಕಾಯಿಲ್ ನನ್ನ ಲೆಕ್ಕಕ್ಕ ಹೌದು ಅಂದ್ರ ಸಾಕೋ. ಮತ್ತೇನೂ ಬ್ಯಾಡ" ಎನ್ನುವರು. ಅವರಿಗೆ ಬೇಕಾದದ್ದು ಅಷ್ಟೇ.

ವರ್ಷಗಟ್ಟಲೆ ಅರ್ಜಿ ಹಾಕಿದ ಮೇಲೆ ಒಂದು ಸುರುಳಿ ಟೇಪು ಮಂಜೂರಾಯಿತು. ಒಂದೇ. ಇದು ಗೆದ್ದರೆ ಮುಂದಿನದು, ಇಲ್ಲವಾದರೆ ಇಲ್ಲ ಎಂದು ಮಂಜೂರು ಮಾಡಿದವರು ಮೊದಲೇ ಹೇಳಿದ್ದರು. ಸುತ್ತುವ ಯಂತ್ರ ನಮ್ಮಲ್ಲಿರಲಿಲ್ಲ. ಬೇರೆ ಊರಿನ ಪ್ರಯೋಗಾಲಯಕ್ಕೆ ಸರ್ ತಮ್ಮ ಕೈಯಾರೆ ನಕ್ಷೆ ಬರೆದು ಕಳಿಸಿದರು. ಕಾಯಿಲ್ ಬಂತು, ಅಚ್ಚುಕಟ್ಟಾಗಿತ್ತು. ದ್ರವ ಸಾರಜನಕ ತರಲು ದನದ ದವಾಖಾನೆಗೆ ಹೋದೆವು. ಹೋರಿಗಳ ವೀರ್ಯ ಕಾಯ್ದಿಡಲು ಅವರು ತರಿಸುವುದು ಅದನ್ನೇ. ಅಲ್ಲಿಯ ಡಾಕ್ಟರು ಕ್ಯಾನು ತುಂಬಿಸಿಕೊಡುತ್ತ, "ನಿಮ್ಮ ಹೋರಿ ಯಾವ ಜಾತೀದ್ರಿ ಸರ್?" ಎಂದರು. "ಹಾಯಾಂಗಿಲ್ರಿ, ಒದಿಯಾಂಗಿಲ್ಲ, ಭಾಳ ಸಂಭಾವಿತ ಐತಿ," ಎಂದರು ಸರ್. ಬರುವ ದಾರಿಯುದ್ದಕ್ಕೂ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮತ್ತೆ ಕಾಣಲಿಲ್ಲ.

ಮೊದಲು ಸೋಲುವುದು ಕಾಯಿಲಿನ ಕೆಳತುದಿ ಎಂದು ಲೆಕ್ಕ ಹೇಳಿತ್ತು. ನಮ್ಮಲ್ಲಿದ್ದ ಒಂದೇ ಸೂಕ್ಷ್ಮ ಮೀಟರನ್ನು ಅಲ್ಲಿಗೇ ಜೋಡಿಸಿದೆವು. ಕರೆಂಟ್ ಏರಿಸುತ್ತ ಹೋದೆ. ಮೀಟರು ಅಲುಗಲಿಲ್ಲ. "ಏರಸು, ಇನ್ನೂ ದಮ್ಮೈತಿ," ಎಂದರು ಸರ್. ಏರಿಸಿದೆ. ಪಟ್ ಎಂದಿತು. ಬಿಳಿ ಹೊಗೆ, ಸುಟ್ಟ ವಾಸನೆ. ಎತ್ತಿ ನೋಡಿದರೆ ಕೆಳತುದಿ ಹೊಸದರಂತೆ ಹೊಳೆಯುತ್ತಿದೆ, ಮೇಲಿನ ತುದಿ ಕರಕಲು.

ಸರ್ ಬಗ್ಗಿ ಎರಡೂ ತುದಿಗಳನ್ನು ನೋಡಿದರು. ಆಮೇಲೆ ಎಡಗೈಯನ್ನು ಎಂದಿನಂತೆ ಗಾಳಿಯಲ್ಲಿ ಹಿಡಿದರು. ಅಂಗೈ ಮೇಲೆ. ನಿಧಾನಕ್ಕೆ ತಿರುವಿದರು, ಬಿಳಿ ಬದಿ ಮೇಲೆ. ಅವರ ಮುಖ ಇಳಿದುಹೋಯಿತು.

"ಪಟ್ಟಿ ಉಲ್ಟಾ ಸುತ್ತ್ಯಾರೋ," ಎಂದರು. "ಲೇಪ ಇದ್ದ ಮುಖ ಒಳಗಾಗೇತಿ. ಕ್ಷೇತ್ರ ಬೀಳೂ ವಾರಿನೂ ಉಲ್ಟಾ ಆತು. ಅದಕ್ಕ ತುದಿ ಅದಲುಬದಲಾಗೇತಿ."

"ಅವರಿಗೆ ಅಷ್ಟೂ ತಿಳಿಯೂದಿಲ್ಲೇನ್ರಿ ಸರ್!" ಎಂದು ನಾನು ಕೂಗಾಡಿದೆ.

"ಅವರದೇನ್ ತಪ್ಪು? ನಾ ನಕ್ಷಾದಾಗ ಬರದಽ ಇಲ್ಲ. ನನ್ನ ಲೆಕ್ಕದಾಗ ಪಟ್ಟಿಗೆ ದಪ್ಪಾನಽ ಇಲ್ಲಲ್ಲೋ, ಬರೇ ಒಂದು ಗೆರಿ. ಗೆರಿಗೆ ಹೊಟ್ಟಿ ಯಾವುದು, ಬೆನ್ನು ಯಾವುದು? ಅದಕ್ಕೂ ಒಂದು ಮುಖ ಐತಿ ಅನ್ನೂದಽ ಮರತೆ."

ಅದೇ ವಾರ ಪಟ್ಟಿಯನ್ನು ತಿರುವಿ ಹಾಕಿ ಮತ್ತೆ ಲೆಕ್ಕ ಶುರು ಮಾಡಿದರು. ಕೆಲವು ವಾರಗಳಾದ ಮೇಲೆ ಪರದೆಯಲ್ಲಿ ಕೆಂಪು ಚುಕ್ಕೆ ಸರಿಯಾಗಿ ಸುಟ್ಟ ಜಾಗದಲ್ಲೇ ಬಂದು ಕೂತಿತು. ನಾನು ಕುಣಿದಾಡಿದೆ. "ಸರ್, ಹೌದಂತ್ರಿ! ಪೇಪರ್ ಬರಿಯೂಣ್ರಿ!" ಅವರು ಕಂಪ್ಯೂಟರ್ ಆರಿಸಿದರು. "ಸುಟ್ಟ ಮ್ಯಾಲ ಹೌದಂತಲ್ಲೋ. ಈಗ ಅದನ್ನ ಯಾರಿಗೆ ತೋರಸ್ಲಿ?" ತಪ್ಪೆಲ್ಲ ತಮ್ಮದೇ ಎಂದು ಬರೆದು ವರದಿ ಕಳಿಸಿದರು. ಯೋಜನೆ ಮುಚ್ಚಿತು. ಸ್ಟಾಫ್ ರೂಮಿನವರು ಆಮೇಲೆ ನಗುವುದನ್ನೂ ಬಿಟ್ಟರು, ಅದು ಇನ್ನೂ ಕೆಟ್ಟದ್ದು. ಸರ್ ಮೊದಲ ವರ್ಷದವರಿಗೆ ಪಾಠ ಹೇಳಿ ಮನೆಗೆ ಹೋಗುತ್ತಿದ್ದರು. ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಳ್ಳುವ ರೂಢಿ ಮಾಡಿಕೊಂಡರು. ಒಂದು ದಿನ ತೀರಿಕೊಂಡರು. ಹೃದಯಾಘಾತ ಅಂದರು ಆಸ್ಪತ್ರೆಯ ಡಾಕ್ಟರು. ನಾನು ಆ ಮಾತನ್ನು ಪೂರ್ತಿ ನಂಬಿಲ್ಲ.

ನಾನೀಗ ಕಾಯಿಲ್ ಸುತ್ತುವವರ ಜೊತೆಗೇ ಕೆಲಸ ಮಾಡುತ್ತೇನೆ. ಯಾವ ನಕ್ಷೆ ಬರೆದರೂ ಮೊದಲು ಬಾಣ ಹಾಕಿ 'ಮುಖ ಈ ಕಡೆ' ಎಂದು ಬರೆದೇ ಮುಂದಿನ ಗೆರೆ ಎಳೆಯುವುದು. ಇಷ್ಟನ್ನು ನನಗೆ ಕಲಿಸಲು ಸರ್ ತಮ್ಮಲ್ಲಿದ್ದದ್ದೆಲ್ಲ ಕಳೆದುಕೊಳ್ಳಬೇಕಾಯಿತು.

ಅವರ ಊರು ಹುನಗುಂದ. ಮಣ್ಣು ಕೊಡಲು ಅಲ್ಲಿಯ ಕಬರಸ್ತಾನಕ್ಕೆ ಹೋಗಿದ್ದೆ. ಬಿಳಿ ಬಟ್ಟೆಯೊಳಗೆ ಆ ಕೈ ಕಾಣಲಿಲ್ಲ. ದೇಹವನ್ನು ಒಳಗಿಳಿಸಿದ ಮೇಲೆ ಸರ್ ಅವರ ಅಣ್ಣ ಗೋರಿಯ ಅಂಚಿನಲ್ಲಿ ಬಗ್ಗಿ ನಿಂತು, ಒಳಗಿಳಿದು ದೇಹವನ್ನು ಮಲಗಿಸುತ್ತಿದ್ದವನನ್ನು ಕೇಳಿದರು: "ಮುಖ ಬರೋಬ್ಬರಿ ತಿರುಗೇತೇನಪಾ? ಪಶ್ಚಿಮಕ್ಕ ಐತೇನು? ಇನ್ನೊಮ್ಮಿ ನೋಡು."

"ಹೌದು," ಎಂದಿತು ಒಳಗಿನಿಂದ ಒಂದು ದನಿ. "ಬರೋಬ್ಬರಿ ಐತಿ."

ಸರ್ ಕಿವಿಯಾರೆ ಕೇಳಬೇಕೆಂದಿದ್ದ ಮಾತು ಅದೊಂದೇ. ಕೈಯಲ್ಲಿದ್ದ ಮಣ್ಣನ್ನು ಹಾಕಲಾಗದೆ ನಾನು ಹಾಗೇ ಹಿಡಿದುಕೊಂಡು ನಿಂತೆ.