ಗಾಜಿನ ಲೋಟದಲ್ಲಿ ಇಸಾಲೆ

ಬೆಟ್ಟದ ಮೇಲಿರುವ ನಮ್ಮೂರು ಮ್ವಿಕಾದ ಬಾಳೆಕಾಯಿ ಸಂತೆಯಲ್ಲಿ ನನ್ನ ಅಣ್ಣನ ಮಗಳು ಐಕಾರುವಾ ಕೂರುವ ಜಾಗದಲ್ಲಿ ಇಪ್ಪತ್ತೈದು ವರ್ಷದಿಂದ ಇನ್ನೊಬ್ಬಳು ಗೊನೆ ಇಳಿಸಿಲ್ಲ. ಒಮ್ಮೆ ಒಬ್ಬಳು ಇಳಿಸಿದ್ದಳು. ಅವಳು ಈಗ ಬೇರೆ ಸಂತೆಗೆ ಹೋಗುತ್ತಾಳೆ. ಗೊನೆಗೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟು, ಇದು ಮಾಂಸದ ಜೊತೆ ಬೇಯಿಸುವುದಕ್ಕೆ, ಇದು ಹೆಂಡಕ್ಕೆ, ಇದು ಬಾಣಂತಿಯ ಗಂಜಿಗೆ ಎಂದು ಐಕಾರುವಾ ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಮೇಲೆ ವಾದಿಸುವ ಗಿರಾಕಿಗೆ, "ಹೋಗಿ ನಿಮ್ಮಮ್ಮನ್ನ ಕಳ್ಸಪ್ಪ, ನಿಂಗೆ ತಿನ್ನೋದಷ್ಟೇ ಗೊತ್ತು" ಎನ್ನುತ್ತಾಳೆ. ಕೈ ಸದಾ ಬಾಳೆಯ ಕರೆಯಿಂದ ಕಪ್ಪು. ನಾಲಿಗೆ ಕತ್ತಿಯಷ್ಟೇ ಹರಿತ.

ನಾನು ಅವಳ ಚಿಕ್ಕಪ್ಪ, ಅನಾಯೇಲಿ. ಮೂವತ್ತೆಂಟು ವರ್ಷ ಮೇಷ್ಟ್ರಾಗಿದ್ದೆ. ಇವಳ ಬದುಕಿನಲ್ಲಿ ತಪ್ಪು ಯಾರದು ಎಂದು ನಿಮ್ಮನ್ನು ಕೊನೆಯವರೆಗೆ ಕಾಯಿಸುವುದಿಲ್ಲ. ನನ್ನದು.

ನೀರಿನ ಕೊಳವೆ ಹಾಕಿಸುವುದಕ್ಕೆಂದು ಬೆಲ್ಜಿಯಮ್ಮಿನಿಂದ ಬಂದ ಯೋರಿಸ್ ಎಂಬ ಎಂಜಿನಿಯರನ್ನು ಅವಳು ಮದುವೆಯಾದಾಗ ಊರು ಎರಡು ವರ್ಷ ಅದನ್ನೇ ಅಗಿಯಿತು. ಬೆಟ್ಟದಿಂದ ಹೊಲಕ್ಕೆ ನಮ್ಮ ಅಜ್ಜಂದಿರು ತೋಡಿದ ಕಾಲುವೆಗಳನ್ನು ಅವನು ಹಗ್ಗ ಹಿಡಿದು ಅಳೆಯುತ್ತಿದ್ದ. ಇವಳು ಕಾಲುವೆಯ ಪಕ್ಕ ನಿಂತು ನಗುತ್ತಿದ್ದಳು. ಮಗಳು ಹುಟ್ಟಿದಾಗ ನಮ್ಮ ಪದ್ಧತಿಯಂತೆ ಮೊದಲ ಹೆಣ್ಣಿಗೆ ಗಂಡನ ತಾಯಿಯ ಹೆಸರೇ ಬಂತು: ಗೊಡೆಲೀವಾ. ನಮ್ಮ ಬಾಯಿಗೆ ಅದು ಒಗ್ಗದೆ ಲೀವಾ ಆಯಿತು. ಅಪ್ಪ ಮಗಳ ಹೆಸರನ್ನು ಎರಡೂ ದೇಶದಲ್ಲಿ ಬರೆಸಿದ. ಕೂಸಿಗೆ ಹಲ್ಲು ಬರುವ ಮೊದಲೇ ಎರಡು ದೇಶದ ಎರಡು ಪಾಸ್‌ಪೋರ್ಟು. "ನೋಡ್ರಪ್ಪ, ನನ್ನ ಮಗಳಿಗೆ ಎರಡು ಮನೆ" ಎಂದು ಐಕಾರುವಾ ಸಂತೆಯಲ್ಲಿ ಅವನ್ನು ಎಲ್ಲರಿಗೂ ತೋರಿಸಿದಳು. ನಾನೂ ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿದೆ.

ಲೀವಾಗೆ ನಾಲ್ಕು ತುಂಬಿದಾಗ ಯೋರಿಸ್ ಆರು ವಾರಕ್ಕೆಂದು ಹೋದ. ಆರು ವಾರದ ಬದಲು ಅಲ್ಲಿನ ಕೋರ್ಟಿನಿಂದ ವಿಚ್ಛೇದನದ ಕಾಗದ ಬಂತು. ಐಕಾರುವಾ ಅತ್ತಿದ್ದನ್ನು ನಾನು ನೋಡಲಿಲ್ಲ. ಅವಳು ಮಾಡಿದ್ದು ಬೇರೆಯೇ ಕೆಲಸ: ಅಪ್ಪನ ನೆಲದಲ್ಲಿ ತನಗೂ ಪಾಲು ಬೇಕೆಂದು ಅಣ್ಣತಮ್ಮಂದಿರ ಮೇಲೆ ಬಿದ್ದಳು. ನಮ್ಮಲ್ಲಿ ಹೆಣ್ಣಿಗೆ ನೆಲ ಕೊಟ್ಟವರುಂಟೆ? ಚರ್ಚಿನ ಹಿರಿಯರು, ಪಂಚಾಯಿತಿ, ಕೋರ್ಟು ಎಂದು ಮೂರು ವರ್ಷ ಅಲೆದಳು. ಕೊನೆಗೆ ಕಾಲುವೆಯಂಚಿನ ಒಂದು ಪಟ್ಟಿ ದಕ್ಕಿತು. ನಲವತ್ತು ಕಾಫಿ ಗಿಡ, ಒಂದಷ್ಟು ಬಾಳೆ.

"ಗಂಡನೂ ಇಲ್ಲ, ಗಂಡುಮಗನೂ ಇಲ್ಲ, ನಿನಗ್ಯಾಕಮ್ಮ ನೆಲ?" ಎಂದು ನಾನೇ ಕೇಳಿದ್ದೆ.

"ನಂಗಲ್ಲ ಚಿಕ್ಕಪ್ಪ, ಲೀವಾಗೆ. ಅವಳ ಹೊಕ್ಕುಳಬಳ್ಳಿ ಹೂತಿರೋದು ಅಲ್ಲೇ. ಅವಳು ಎಲ್ಲಿಗಾದ್ರೂ ಹೋಗ್ಲಿ, ಬಂದು ನಿಲ್ಲೋಕೆ ಕಾಲಡಿ ಮಣ್ಣಿರಬೇಕು."

ಲೀವಾಗೆ ಹನ್ನೊಂದಾದಾಗ ಯೋರಿಸ್ ಮತ್ತೆ ಬಂದ. ತಲೆ ಬೋಳಾಗಿತ್ತು. ನೆಟ್ಟಗೆ ಬಂದದ್ದು ನನ್ನ ಮನೆಗೆ. ಮಗಳನ್ನು ತನ್ನೂರಿನ ಶಾಲೆಗೆ ಸೇರಿಸುತ್ತಾನಂತೆ. ಆ ಕಡೆಯ ಪಾಸ್‌ಪೋರ್ಟಿನ ಅವಧಿ ಮುಗಿದಿದೆ. ಹೊಸದು ಬೇಕಾದರೂ, ಮಗು ಅಪ್ಪನ ಜೊತೆ ಇರಬೇಕಾದರೂ ತಾಯಿ ಒಪ್ಪಿ ಸಹಿ ಹಾಕಬೇಕು. ಐಕಾರುವಾ ಅವನನ್ನು ಕತ್ತಿ ತೋರಿಸಿ ಅಂಗಳದಿಂದಲೇ ಓಡಿಸಿದ್ದಳು.

"ಮೇಷ್ಟ್ರೇ, ನೀವು ಹೇಳಿದ್ರೆ ಕೇಳ್ತಾಳೆ. ಈ ಊರಲ್ಲಿ ನಿಮ್ಮ ಮಾತು ಮೀರೋರು ಯಾರಿದ್ದಾರೆ?" ಎಂದ.

ಹೊನ್ನಶೂಲಕ್ಕೆ ಏರಿಸುವುದೆಂದರೆ ಇದೇ. ಬಿಳಿಯನೊಬ್ಬ ನನ್ನ ಬೆಂಚಿನ ಮೇಲೆ ಕೂತು, ನನ್ನ ಸೋರೆಬುರುಡೆಯಲ್ಲಿ ಬಾಳೆಹೆಂಡ ಕುಡಿದು, ನನ್ನನ್ನು ಹೊಗಳುತ್ತಿದ್ದ. ಬೇಲಿಯಾಚೆ ನಿಂತು ನೆರೆಯವರು ನೋಡುತ್ತಿದ್ದರು. ಹುಡುಗಿ ಓದುತ್ತಾಳಲ್ಲ, ಒಳ್ಳೆಯದೇ ಆಗುತ್ತದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಬಾಯಿ ಬಿಟ್ಟೆ: "ಒಂದು ದಾರಿ ಇದೆ ಕಣಪ್ಪ. ಇಸಾಲೆ."

ಇಸಾಲೆ ನಮ್ಮ ಹೊಲದ ಗಡಿಯಲ್ಲಿ, ಸಮಾಧಿಯ ಸುತ್ತ ಬೆಳೆಯುವ ಉದ್ದನೆ ಎಲೆಯ ಗಿಡ. ಅದರ ಎಲೆಗೆ ಗಂಟು ಹಾಕಿ, ಹಿರಿಯನೊಬ್ಬನನ್ನು ಮುಂದಿಟ್ಟುಕೊಂಡು ಕ್ಷಮೆ ಕೇಳಲು ಬಂದವನನ್ನು, ಅವನು ಕೊಲೆಗಾರನಾದರೂ, ನಮ್ಮ ಚಗ್ಗಾ ಕುಲದವನು ಬರಿಗೈಯಲ್ಲಿ ಕಳಿಸುವಂತಿಲ್ಲ. ಕಳಿಸಿದರೆ ಶಾಪ ಕಳಿಸಿದವನ ಮಕ್ಕಳಿಗೆ ತಟ್ಟುತ್ತದೆ. ಚರ್ಚಿಗೆ ಹೋಗುವವರೂ ಇದೊಂದನ್ನು ಮೀರುವುದಿಲ್ಲ.

ಭಾನುವಾರ ಚರ್ಚು ಮುಗಿಸಿ, ಕೋಟು ತೊಟ್ಟು ಹೋದೆ. ಎಲೆ ನನ್ನ ಕೈಯಲ್ಲಿ, ಯೋರಿಸ್ ನನ್ನ ಹಿಂದೆ. ಐಕಾರುವಾ ಒಲೆಯ ಮುಂದೆ ಬಾಳೆಕಾಯಿ ಸುಲಿಯುತ್ತಿದ್ದಳು. ಎಲೆ ಕಂಡದ್ದೇ ಅವಳ ಕತ್ತಿ ನಿಂತಿತು.

"ಚಿಕ್ಕಪ್ಪ, ಅದನ್ನ ಒಳಗೆ ತರಬೇಡಿ."

"ತಂದಾಯ್ತಲ್ಲ ಮಗಳೇ."

"ಇವನಿಗೆ ಇದನ್ನ ಯಾರು ಹೇಳ್ಕೊಟ್ರು?"

ನಾನು ಪಕ್ಕಕ್ಕೆ ಸರಿದೆ. ಯೋರಿಸ್ ಮೊಣಕಾಲೂರಿದ. ನಾನೇ ಬಾಯಿಪಾಠ ಮಾಡಿಸಿದ್ದ ಮಾತುಗಳನ್ನು ಹೇಳಿದ. ನಿನ್ನನ್ನು ಬಿಟ್ಟು ಹೋದದ್ದು ತಪ್ಪು, ಮಗುವನ್ನು ಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು ಎಂದ. ಅವನ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. ಐಕಾರುವಾ ನನ್ನ ಕೈಯಿಂದ ಎಲೆ ತೆಗೆದುಕೊಂಡಳು.

"ಆಯ್ತು, ಕ್ಷಮಿಸಿದೀನಿ. ಏಳು. ಗಂಜಿ ಕುಡಿದು ಹೊರಡು."

ಅವನು ಎದ್ದ. ಎದ್ದವನೇ ಚೀಲದಿಂದ ಒಪ್ಪಿಗೆ ಪತ್ರ ತೆಗೆದ.

ಐಕಾರುವಾ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಚಿಕ್ಕಪ್ಪ, ಎಲೆ ತಗೊಂಡಿದ್ದು ಕ್ಷಮೆಗೆ. ಇದಕ್ಕೂ ಅದಕ್ಕೂ ಸಂಬಂಧ ಉಂಟಾ? ನೀವೇ ಹೇಳಿ."

ಸಂಬಂಧ ಇಲ್ಲ. ನನ್ನಪ್ಪ ಕಲಿಸಿದ್ದರಲ್ಲಿ ಎಲ್ಲೂ ಇಲ್ಲ. ಇಸಾಲೆ ಹಳೆಯದನ್ನು ತೊಳೆಯುವುದಕ್ಕೆ, ಹೊಸದನ್ನು ಕಿತ್ತುಕೊಳ್ಳುವುದಕ್ಕಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಬಿಳಿಯನಿಗೆ ಮಾತು ಕೊಟ್ಟಿದ್ದೆನಲ್ಲ, ಈ ಊರಲ್ಲಿ ನನ್ನ ಮಾತು ಮೀರುವವರಿಲ್ಲವಲ್ಲ.

"ಇಸಾಲೆ ಹಿಡಿದ ಕೈಯಲ್ಲಿ ಇಲ್ಲ ಅನ್ನಬಾರದು" ಎಂದೆ.

ಅವಳು ಕೈಯನ್ನು ಬಟ್ಟೆಗೆ ಒರೆಸಿಕೊಂಡು ಸಹಿ ಹಾಕಿದಳು. ಕಾಗದದ ಮೂಲೆಯಲ್ಲಿ ಹೆಬ್ಬೆರಳಿನ ಕರೆ ಮೂಡಿತು. ಬಾಳೆಯ ಕರೆ ಯಾವ ಸೋಪಿಗೂ ಹೋಗುವುದಿಲ್ಲ. ಲೀವಾ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಕ್ರಿಸ್‌ಮಸ್ಸಿಗೆ ಚಗ್ಗಾ ಎಲ್ಲಿದ್ದರೂ ಬೆಟ್ಟಕ್ಕೆ ಬರುತ್ತಾನೆ. ಬಾರದಿದ್ದವನು ಸತ್ತಿದ್ದಾನೆಂದೋ ಜೈಲಿನಲ್ಲಿದ್ದಾನೆಂದೋ ತಿಳಿಯುತ್ತೇವೆ. ಮಗಳನ್ನು ಪ್ರತಿ ಕ್ರಿಸ್‌ಮಸ್ಸಿಗೂ ಕಳಿಸುತ್ತೇನೆ ಎಂದಿದ್ದ ಯೋರಿಸ್. ಎರಡು ವರ್ಷ ಕಳಿಸಿದ. ಆಮೇಲೆ ಪರೀಕ್ಷೆ, ಆಮೇಲೆ ಹಿಮದ ಮೇಲೆ ಜಾರುವ ಆಟ, ಆಮೇಲೆ ಕಾರಣವನ್ನು ಹೇಳುವುದೂ ನಿಂತಿತು. ನಮ್ಮ ದೇಶದ ಪಾಸ್‌ಪೋರ್ಟು ಐಕಾರುವಾಳ ಪೆಟ್ಟಿಗೆಯಲ್ಲಿ ಚರ್ಚಿಗೆ ಉಡಲೆಂದು ಮಡಿಸಿಟ್ಟ ಕಾಂಗಾ ಬಟ್ಟೆಗಳ ನಡುವೆ ಇತ್ತು. ಅದರ ಅವಧಿಯೂ ಮುಗಿಯಿತು. ಫೋನಿನಲ್ಲಿ ಹುಡುಗಿಯ ಮಾತು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಬಂತು. ಸಂತೆಯ ಹೆಂಗಸರು ಕೆಣಕುತ್ತಿದ್ದರು: "ಏನೇ ಐಕಾರುವಾ, ಎರಡು ಮನೆ ಮಗಳು ಯಾವ ಮನೇಲಿ ಮಲಗ್ತಾಳೆ?" ಮೊದಲಾಗಿದ್ದರೆ ಅಂಥವಳ ಬುಟ್ಟಿ ಕಾಲುವೆಯಲ್ಲಿ ತೇಲುತ್ತಿತ್ತು. ಈಗ ಅವಳು ಮುಂದಿನ ಗೊನೆ ತಟ್ಟುತ್ತಿದ್ದಳು.

ನಮ್ಮ ಕಾನೂನು ಎರಡು ದೋಣಿಯ ಮೇಲೆ ಕಾಲಿಡಲು ಬಿಡುವುದಿಲ್ಲ. ಮಗುವಾಗಿರುವಷ್ಟು ದಿನ ಎರಡು ದೇಶ. ಹದಿನೆಂಟಾದ ಮೇಲೆ ಒಂದನ್ನು ಬಿಡಬೇಕು, ಅದಕ್ಕೂ ಒಂದು ಗಡುವು. ಆ ಗಡುವಿಗೆ ಮೂರು ತಿಂಗಳಿದ್ದಾಗ, ಕಳೆದ ಕ್ರಿಸ್‌ಮಸ್ಸಿಗೆ, ಲೀವಾ ಬಂದಳು. ವಿಮಾನ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಅಮ್ಮನಿಗಿಂತ ಎತ್ತರದ ಹುಡುಗಿ, ಅಮ್ಮನದೇ ಹಣೆ, ಅಮ್ಮನದೇ ಬಿರುಸು ನಡಿಗೆ.

"ಎಷ್ಟೊತ್ತೇ ಒಳಗೆ? ನಮ್ಮೋರೆಲ್ಲ ಆಗಲೇ ಬಂದ್ರು" ಎಂದಳು ಐಕಾರುವಾ.

"ನನ್ನ ಸಾಲು ಬೇರೆ ಇತ್ತು ಅಮ್ಮ" ಎಂದಳು ಲೀವಾ. ಪಾಸ್‌ಪೋರ್ಟು ಬಿಡಿಸಿ ಸೀಲು ತೋರಿಸಿದಳು. ಪ್ರವಾಸಿ ಎಂದಿತ್ತು.

ಅವಳ ಮಾತು ಪುಸ್ತಕದಿಂದ ಓದಿದಂತಿತ್ತು. ಎರಡನೆಯ ದಿನ ಕಾಫಿ ಗಿಡಗಳ ನಡುವೆ ನಡೆಯುವಾಗ ತಾಯಿ ನೇರವಾಗಿ ಕೇಳಿಬಿಟ್ಟಳು: "ಯಾವುದನ್ನ ಬಿಡ್ತೀಯೇ?"

"ಇದನ್ನು ಬಿಡುತ್ತೇನೆ ಅಮ್ಮ. ನನ್ನ ವಿಶ್ವವಿದ್ಯಾಲಯ ಅಲ್ಲಿದೆ. ನನ್ನ ಸ್ನೇಹಿತರು ಅಲ್ಲಿದ್ದಾರೆ. ಬೇಸರ ಮಾಡಿಕೊಳ್ಳಬೇಡ, ಇದು ಬರೀ ಕಾಗದ."

"ಬರೀ ಕಾಗದವಾ? ಅದನ್ನ ಬಿಟ್ರೆ ಈ ನೆಲ ನಿನ್ನ ಹೆಸರಿಗೆ ಬರಲ್ಲ ಕಣೇ. ಪರದೇಶದೋರಿಗೆ ಇಲ್ಲಿ ಮಣ್ಣು ಕೊಡಲ್ಲ. ಮೂರು ವರ್ಷ ನಾನು ಬಡಿದಾಡಿದ್ದು ಯಾರಿಗೆ?"

"ನಾನು ಬಂದು ಹೋಗುತ್ತಿರುತ್ತೇನೆ ಅಮ್ಮ" ಎಂದು ಹುಡುಗಿ ತಾಯಿಯ ಹೆಗಲು ತಬ್ಬಿದಳು. ಕೆಟ್ಟ ಹುಡುಗಿಯಲ್ಲ. ಕೆಟ್ಟವಳಾಗಿದ್ದರೆ ಬೈದು ನಿಟ್ಟುಸಿರಾದರೂ ಬಿಡಬಹುದಿತ್ತು.

ಕ್ರಿಸ್‌ಮಸ್ಸಿನ ಮಾರನೆಯ ಬೆಳಿಗ್ಗೆ ಐಕಾರುವಾ ನನ್ನನ್ನು ಕರೆಸಿಕೊಂಡಳು. ಹೋಗಿ ನೋಡಿದರೆ ಕೈಯಲ್ಲಿ ಗಂಟು ಹಾಕಿದ ಇಸಾಲೆ. ತಾಯಿ ಮಗಳಿಗೆ ಎಲೆ ಒಯ್ದದ್ದನ್ನು ನನ್ನ ಎಂಬತ್ತು ವರ್ಷದಲ್ಲಿ ಕಂಡಿಲ್ಲ. ನೀರು ಮೇಲಕ್ಕೆ ಹರಿದಂತೆ ಅದು.

"ಬೇಡ ಮಗಳೇ."

"ಅವನಿಗೆ ಮುಂದೆ ನಿಂತ್ರಲ್ಲ, ನನಗೂ ನಿಲ್ಲಿ. ಸಹಿ ಹಾಕಿ ಅವಳನ್ನ ಕಳ್ಸಿದ್ದು ನನ್ನ ತಪ್ಪು. ಕ್ಷಮೆ ಕೇಳ್ತೀನಿ. ಆಮೇಲೆ ಬಿಡಬೇಡ ಅಂತ ಕೇಳ್ತೀನಿ. ಹಾಗೂ ಕೇಳಬಹುದು ಅಂತ ನೀವೇ ಅಲ್ವಾ ಕಲಿಸಿದ್ದು?"

ಮುಂದೆ ನಿಂತೆ. ಲೀವಾ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಸಂತೆಯನ್ನೇ ನಡುಗಿಸಿದ ಹೆಂಗಸು ಮಗಳ ಮುಂದೆ ಎರಡೂ ಕೈಯಲ್ಲಿ ಎಲೆ ಹಿಡಿದು ನಿಂತಳು. "ಲೀವಾ, ತಗೋ" ಎಂದಳು.

ಮುಂದಿನ ಮಾತಿಗೆ ಮೊದಲೇ ಹುಡುಗಿ ಎಲೆ ತೆಗೆದುಕೊಂಡಳು. ಮೂಸಿದಳು. ಮುಖ ಅರಳಿತು. "ಎಷ್ಟು ಚೆನ್ನಾಗಿದೆ! ಧನ್ಯವಾದ ಅಮ್ಮ." ಒಳಗೆ ಹೋಗಿ, ಗಂಟು ಬಿಚ್ಚಿ, ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಎಲೆ ನಿಲ್ಲಿಸಿ ಕಿಟಕಿಯಲ್ಲಿಟ್ಟಳು.

ಹನ್ನೊಂದನೆಯ ವಯಸ್ಸಿನಲ್ಲಿ ಬಾಗಿಲ ಹಿಂದೆ ನಿಂತು ನೋಡಿದವಳು. ಅದೂ ಮರೆತಿತ್ತು.

ನಾನು ತಡೆಯಲಾರದೆ, "ಲೀವಾ, ಅದು ಹೂವಲ್ಲಮ್ಮ, ಅದರ ಅರ್ಥ..." ಎಂದು ಬಾಯಿ ತೆರೆದೆ. ಐಕಾರುವಾ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಬಿಡಿ ಚಿಕ್ಕಪ್ಪ. ಅರ್ಥ ಹೇಳಿಕೊಡಬೇಕಾದ್ರೆ ಅದು ಇಸಾಲೆ ಅಲ್ಲ, ಸೊಪ್ಪು."

ಹನ್ನೆರಡು ದಿನ ತುಂಬಿದ ಮೇಲೆ ಲೀವಾ ಹೋದಳು. ಮಾರ್ಚಿನಲ್ಲಿ ಫೋನು ಬಂತು, ಈ ದೇಶವನ್ನು ಬಿಡುವ ಕಾಗದದ ಕೆಲಸ ಮುಗಿಯಿತೆಂದು. ಐಕಾರುವಾ "ಹೂಂ" ಎಂದು ಫೋನಿಟ್ಟು ಸಂತೆಗೆ ಹೋದಳಂತೆ. ಆ ದಿನ ಯಾವ ಗೊನೆ ಯಾವುದಕ್ಕೆಂದು ಅವಳು ಯಾರಿಗೂ ಹೇಳಲಿಲ್ಲವೆಂದು ಹೆಂಗಸರು ಹೇಳಿದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕಳೆದ ಭಾನುವಾರ ನಾನೇ ನನ್ನ ಗಡಿಯಿಂದ ಒಂದು ಎಲೆ ಕೊಯ್ದೆ, ಗಂಟು ಹಾಕಿದೆ. ಮುಂದೆ ನಿಲ್ಲಲು ನನಗಿಂತ ಹಿರಿಯರು ಯಾರೂ ಉಳಿದಿಲ್ಲ, ಒಬ್ಬನೇ ಹೋದೆ. ಐಕಾರುವಾ ಒಲೆಯ ಮುಂದೆ ಬಾಳೆಕಾಯಿ ಸುಲಿಯುತ್ತಿದ್ದಳು.

"ಅವತ್ತು ನೀನು ಕೇಳಿದಾಗ ನಾನು ಸುಳ್ಳು ಹೇಳಿದೆ" ಎಂದೆ. "ಎಲೆಗೂ ಆ ಕಾಗದಕ್ಕೂ ಸಂಬಂಧ ಇರಲಿಲ್ಲ. ಗೊತ್ತಿದ್ದೇ ಹೇಳಿದೆ. ನನ್ನ ಕ್ಷಮಿಸು ಮಗಳೇ."

ಕತ್ತಿ ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಎಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿದಳು. ಚಗ್ಗಾ ಆದವಳು ಇಲ್ಲ ಎನ್ನುವಂತಿಲ್ಲ, ಅವಳು ಅನ್ನಲೂ ಇಲ್ಲ.

"ಚೆನ್ನಾಗಿದೆ ಚಿಕ್ಕಪ್ಪ" ಎಂದಳು. ಕಿಟಕಿಯಲ್ಲಿದ್ದ ಅದೇ ಲೋಟಕ್ಕೆ ನೀರು ತುಂಬಿ, ಗಂಟು ಬಿಚ್ಚಿ, ನನ್ನ ಎಲೆಯನ್ನು ಅದರಲ್ಲಿ ನಿಲ್ಲಿಸಿದಳು.