ಸುಡಾನ್ ಮೇಷ್ಟ್ರ ಡಾರ್ಕ್ ರೂಮ್

ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಕೆಳಗೆ ಗೋಬಿ ಮಂಚೂರಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ನನ್ನ ಹಸಿವು ಸತ್ತುಹೋಯಿತು. ಮೇಷ್ಟ್ರು ಫೋಟೋ ತೊಳೆಯುತ್ತಿದ್ದ ಡಾರ್ಕ್ ರೂಮಿನಲ್ಲೂ ಇದೇ ವಾಸನೆ ಇರುತ್ತಿತ್ತು...

ಅವರು ಸುಡಾನಿನವರು. ಓದಲೆಂದು ಬಂದು ಇಲ್ಲೇ ಉಳಿದು, ಸೋಲದೇವನಹಳ್ಳಿ ಕಡೆ ನಾನು ಓದುತ್ತಿದ್ದ ಕಾಲೇಜಿನಲ್ಲಿ ಫೋಟೋಗ್ರಫಿ ಕಲಿಸುತ್ತಿದ್ದರು. ನಮ್ಮೂರಿನ ಅಜ್ಜಿಯೊಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು, ಡಾರ್ಕ್ ರೂಮೂ ಅಲ್ಲೇ. ಕನ್ನಡ ಕಲಿಸಿದ್ದು ಆ ಅಜ್ಜಿಯೇ. ಹಾಗಾಗಿ ಅಜ್ಜಿಯಂತೆ ಮೇಷ್ಟ್ರ ಬಾಯಲ್ಲೂ ಹಕಾರ ಹೊರಡುತ್ತಿರಲಿಲ್ಲ.

"ಕ್ಯಾಮೆರಾ ಇಂಗ್ ಇಡ್ಕಳಮ್ಮ. ಮೊದ್ಲು ಮಾತಾಡ್ಸು, ಆಮೇಲ್ ಕ್ಲಿಕ್ ಮಾಡು," ಅನ್ನುತ್ತಿದ್ದರು. ಕ್ಲಾಸೆಲ್ಲ ನಗುತ್ತಿತ್ತು. ಅವರೂ ನಗುತ್ತಿದ್ದರು.

ನಮ್ಮೂರಿನ ಬಾಡಿಗೆ ರೂಮುಗಳಲ್ಲಿ ಆಫ್ರಿಕಾದ ಹುಡುಗ ಹುಡುಗಿಯರು ತುಂಬಿದ್ದರು. ಬಾಡಿಗೆ ಈಸಿಕೊಳ್ಳುವವರು ಅವರ ಮುಖ ನೋಡುತ್ತಿರಲಿಲ್ಲ. ಮೇಷ್ಟ್ರು ಊರ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು ಆ ಮಕ್ಕಳ ಅಡುಗೆಮನೆಗೆ ಕಳಿಸಿದರು, ಆ ಮಕ್ಕಳನ್ನು ನಮ್ಮ ಅಡುಗೆಮನೆಗಳಿಗೆ. "ನಮ್ ಮುದ್ದೆ ಥರಾನೇ ತಿರುವ್ತಾರೆ ಕಣೇ, ಜೋಳದ್ ಹಿಟ್ಟಲ್ಲಿ!" ಎಂದು ಅಮ್ಮ ಬೆರಗಾಗಿ ಬಂದಿದ್ದಳು. ಚಿತ್ರಗಳನ್ನೆಲ್ಲ ಅರಳಿಕಟ್ಟೆಯ ಸುತ್ತ ಹಗ್ಗಕ್ಕೆ ತೂಗುಹಾಕಿದಾಗ ಪ್ರಿನ್ಸಿಪಾಲರು ಬಂದು ಟೇಪ್ ಕತ್ತರಿಸಿ, ಭಾಷಣ ಬಿಗಿದು ಹೋದರು.

ಆಮೇಲೊಂದು ದಿನ ಊರಿನ ಮಗುವೊಂದು ಕಾಣಲಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಮೆಸೇಜು ಮೊದಲೇ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿತ್ತು. ಕರಿಯ ಮನುಷ್ಯ ಮಕ್ಕಳ ಫೋಟೋ ತೆಗೀತಿದ್ದ ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಮೇಷ್ಟ್ರ ಮನೆಗೆ ನುಗ್ಗಿ ಬಂದ ಗುಂಪಿನ ಮುಂದಿದ್ದವನು ಅಜ್ಜಿಯ ಸ್ವಂತ ಮಗ.

ಅಜ್ಜಿ ಮೆಟ್ಟಿಲಿಗೆ ಅಡ್ಡ ನಿಂತರು. "ನನ್ ಮನೆ ಕಣ್ರೋ ಇದು, ಅತ್ತಬೇಡ್ರೋ!" ಮಗ ಅವರನ್ನು ಪಕ್ಕಕ್ಕೆ ತಳ್ಳಿದ. ಪ್ರಿಂಟ್ ಹಾಕುವ ಮಿಷನ್ನು ಮಹಡಿಯಿಂದ ಕೆಳಗೆ ಬಿತ್ತು. ವರ್ಷಗಟ್ಟಲೆ ಕೂಡಿಸಿದ್ದ ನೆಗೆಟಿವ್‌ಗಳಿಗೆ ಬೆಂಕಿ ಬಿತ್ತು. ಮೇಷ್ಟ್ರ ಹುಬ್ಬು ಒಡೆದು ರಕ್ತ ಸುರಿಯಿತು. ಸಂಜೆ ಹೊತ್ತಿಗೆ ಮಗು ಸಿಕ್ಕಿತು. ಹೆಬ್ಬಾಳದಲ್ಲಿದ್ದ ಅದರ ಚಿಕ್ಕಮ್ಮ ಯಾರಿಗೂ ಹೇಳದೆ ಕರೆದುಕೊಂಡು ಹೋಗಿದ್ದಳು.

"ಮಗು ಸಿಕ್ತಲ್ಲಮ್ಮ, ಇನ್ನೇನ್ ಕಂಪ್ಲೇಂಟು?" ಅಂದರು, ದೂರು ಕೊಡಲು ಹೋದ ನನಗೆ, ಪೊಲೀಸ್ ಸ್ಟೇಷನ್ನಿನಲ್ಲಿ. ಭಾಷಣ ಬಿಗಿದಿದ್ದ ಪ್ರಿನ್ಸಿಪಾಲರಿಗೆ ಕಾಲೇಜಿನ ಹೆಸರು ಕೆಡಬಾರದಿತ್ತು, ಮೇಷ್ಟ್ರಿಂದ ರಾಜೀನಾಮೆ ಬರೆಸಿಕೊಂಡರು. ಕೆಲಸ ಹೋದ ಮೇಲೆ ವೀಸಾ ಹೋಯಿತು.

ಸುಡಾನಿಗೆ ಹೊರಡುವ ದಿನ ಮೇಷ್ಟ್ರು ಹುಬ್ಬಿನ ಪಟ್ಟಿ ಮುಟ್ಟಿಕೊಂಡು ನನಗೆ ಹೇಳಿದ್ದಿಷ್ಟೇ: "ಬಂದೋರೆಲ್ಲ ಗೊತ್ತಿರೋರೇ ಕಣಮ್ಮ. ಅವ್ರ್ ಮನೇಲೆಲ್ಲ ಊಟ ಮಾಡಿದೀನಿ..."

ಹೋದ ತಿಂಗಳು ಅಜ್ಜಿ ತೀರಿಕೊಂಡರು. ತಿಥಿಗೆ ಹೋದೆ. ನಡುಮನೆಯಲ್ಲಿ ಹಾರ ಹಾಕಿದ ದೊಡ್ಡ ಫೋಟೋ: ಬೊಚ್ಚು ಬಾಯಿ ಬಿಟ್ಟು ನಗುತ್ತಿರುವ ಅಜ್ಜಿ. ಅವರ ಮಗ ಬಂದವರಿಗೆಲ್ಲ ತೋರಿಸುತ್ತಿದ್ದ. "ಏನ್ ನಗು ನೋಡಿ ನಮ್ಮಮ್ಮಂದು!"

"ಯಾರಣ್ಣ ತೆಗ್ದಿದ್ದು?" ಎಂದೆ.

"ಯಾರೋ ಸ್ಟುಡಿಯೋದವ್ರು ಕಣಮ್ಮ, ಹಳೇದು."

ಎಲೆ ಮುಂದೆ ಕೂತವರಿಗೆಲ್ಲ ಕೇಳುವಂತೆ ಹೇಳಿದೆ: "ನಮ್ ಮೇಷ್ಟ್ರು ತೆಗ್ದಿದ್ದು. ನೀವು ಮಹಡಿಯಿಂದ ಎಸೆದ್ರಲ್ಲ, ಆ ಮಿಷನ್ನಲ್ಲೇ ಪ್ರಿಂಟ್ ಹಾಕಿದ್ದು."

"ಇವತ್ತ್ಯಾಕಮ್ಮ ಅದೆಲ್ಲ..." ಅಂದ ಅವನು. ಯಾರೂ ತಲೆ ಎತ್ತಲಿಲ್ಲ. ಪಾಯಸ ಬಡಿಸುವವನು ಮುಂದಿನ ಎಲೆಗೆ ಹೋದ. ನಾನು ಊಟ ಬಿಟ್ಟು ಎದ್ದು ಬಂದೆ.

ಅಜ್ಜಿ ಹೋದ ಸುದ್ದಿ ಮೇಷ್ಟ್ರಿಗೆ ಹೇಳಬೇಕು. ಅವರ ದೇಶದಲ್ಲಿ ಯುದ್ಧ ಶುರುವಾದಾಗಿನಿಂದ ಫೋನು ಹೋಗುತ್ತಿಲ್ಲ. ಇದ್ದಾರೋ ಇಲ್ಲವೋ, ಹೇಳುವವರಿಲ್ಲ. ಆ ಯುದ್ಧದ ಬೆಂಕಿಗೆ ಅವರಾಗಿಯೇ ಹೋದವರಲ್ಲ. ನಮ್ಮೂರೇ ಅಟ್ಟಿದ್ದು.