ನಿರಂಜನ ಮೇಷ್ಟ್ರ ಹಡಗು ಪ್ರವಾಸ

ಹೊಸೂರಿನ ನಮ್ಮ ಬೀದಿಯಲ್ಲಿ ಯಾರಾದರೂ ಮನೆಮಂದಿಯೊಂದಿಗೆ ಹಡಗಿನ ಪ್ರವಾಸ ಹೋಗುವುದಾದರೆ ಮೊದಲು ನಿರಂಜನ ಮೇಷ್ಟ್ರನ್ನು ಕೇಳುತ್ತಾರೆ. ನಿವೃತ್ತ ಭೂಗೋಳದ ಮೇಷ್ಟ್ರಾದ ಅವರು ತರಗತಿಯ ದನಿಯಲ್ಲೇ ಹೇಳುತ್ತಾರೆ: "ಬೇಸಿಗೆ ರಜಕ್ಕೆ ಹೋಗೋದಾದ್ರೆ ಆಯುಧಪೂಜೆಗೇ ಬುಕ್ ಮಾಡ್ಬಿಡಿ. ದೀಪಾವಳಿ ರಜಕ್ಕೆ ಮಾತ್ರ ಬೇಡ, ಆ ಮಳೇಲಿ ಹಡಗು ಹೊರಡೋ ಚೆನ್ನೈ ಸಮುದ್ರ ಸರಿಯಿರಲ್ಲ." ರಾಜ್ಯದ ಗಡಿಗೆ ಮುಂಚೆ ಸಿಗುವ ಜೂಜುವಾಡಿಯ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತರೆ ಪಕ್ಕದ ಸೀಟಿನವರಿಗೂ ಇದೇ ಬೋಧನೆ, ಗಡಿ ದಾಟುವಷ್ಟರಲ್ಲಿ ಪಾಠ ಹಡಗಿನ ಊಟದ ಹಾಲ್ ತಲುಪಿರುತ್ತದೆ. ಅವರ ಮಾತು ಕೇಳಿ ಎಷ್ಟೋ ಸಂಸಾರಗಳು ಸಮುದ್ರ ಸುತ್ತಿ ಬಂದವು. ಮೇಷ್ಟ್ರು ಮಾತ್ರ ಹೋಗಲಿಲ್ಲ. ಒಂದು ವರ್ಷ ಮೊಣಕಾಲು ನೋವು, ಇನ್ನೊಂದು ವರ್ಷ ಮನೆಗೆ ಸುಣ್ಣ ಹೊಡೆಸುವ ಕೆಲಸ. ಈ ಸಲ ಅವರ ಹೆಂಡತಿ ಅಲಮೇಲು, ಮಗಳ ಸಂಸಾರವನ್ನೂ ಸೇರಿಸಿ ತಾವೇ ಬುಕ್ ಮಾಡಿ, ಅವರ ಮನೆಗೆ ಹೋಗಿದ್ದ ನನ್ನೆದುರಿಗೇ ಮೇಷ್ಟ್ರಿಗೆ ಸುದ್ದಿ ಹೇಳಿದರು. ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. "ನಂಗೆ ನೀರಂದ್ರೆ ಭಯ ಕಣೇ" ಎಂದರು. "ಗೊತ್ತು ರೀ. ಮದುವೆಯಾದ ಹೊಸದ್ರಲ್ಲಿ ರಾಮೇಶ್ವರದಲ್ಲಿ ಎಲ್ಲಾರೂ ಸ್ನಾನಕ್ಕಿಳಿದ್ರೆ ನೀವು ದಡದಲ್ಲಿ ಚಪ್ಪಲಿ ಕಾಯ್ತಾ ನಿಂತಿದ್ರಲ್ಲ, ಅವತ್ತಿಂದ ಗೊತ್ತು" ಎನ್ನುತ್ತ ಅಲಮೇಲು ಅವರ ಪಕ್ಕ ಕುಳಿತರು. "ಅದಕ್ಕೇ ಕಿಟಕಿ ಇಲ್ದಿರೋ ರೂಮು ತಗೊಂಡಿದೀನಿ. ನೀವು ಒಳಗೇ ಇರಿ. ನಾನು ಹೋಗಿ ಸಮುದ್ರ ನೋಡ್ಕೊಂಡು ಬಂದು, ಹೇಗಿದೆ ಅಂತ ನಿಮಗೆ ಹೇಳ್ತೀನಿ."